ಕೊತ್ತಂಬರಿ ಬೆಳೆ: ಗಿಡಗಳ ಅಂತರ ಮೊದಲು, ಗೊಬ್ಬರದ ಲೆಕ್ಕ ಆಮೇಲೆ

ಬಿತ್ತಿ ಇಪ್ಪತ್ತೈದು ದಿನವಾದ ಕೊತ್ತಂಬರಿ ಮಡಿಯೊಂದರ ಬದುವಿನ ಮೇಲೆ ಕುಳಿತು ಗಮನವಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಂಚಿನಲ್ಲಿರುವ ಗಿಡಗಳು ಗಿಡ್ಡವಾಗಿ, ದಪ್ಪನೆಯ ಬುಡದೊಂದಿಗೆ, ಅಗಲವಾದ ಕಡುಹಸಿರು ಎಲೆಗಳನ್ನು ಹೊತ್ತು ನಿಂತಿರುತ್ತವೆ. ಮಡಿಯ ನಡುವಿನ ಗಿಡಗಳು ಉದ್ದಕ್ಕೆ ಎಳೆದಂತೆ ಬೆಳೆದು, ಕಾಂಡ ಬಿಳಿಚಿಕೊಂಡು, ಬುಡದ ಎಲೆಗಳು ಹಳದಿಯಾಗಿರುತ್ತವೆ. ಬೀಜ, ಮಣ್ಣು, ನೀರು, ಬಿತ್ತಿದ ದಿನ ಎಲ್ಲವೂ ಒಂದೇ ಆಗಿದ್ದರೂ ಹೀಗಾಗಲು ಇಕ್ಕಟ್ಟು ಕಾರಣ. ಆದರೆ ಹೆಚ್ಚಿನ ಬೆಳೆಗಾರರು ಆ ಹಳದಿ ಎಲೆಯನ್ನು ಕಂಡೊಡನೆ ಯೂರಿಯಾ ಚೀಲ ಬಿಚ್ಚುತ್ತಾರೆ. ನಾನೂ ಮೊದಲ ಎರಡು ಬೆಳೆಗಳಲ್ಲಿ ಅದನ್ನೇ ಮಾಡಿದೆ. ಗಿಡ ನಾಲ್ಕೇ ದಿನದಲ್ಲಿ ಹಸಿರಾಗಿ ಮೊಳದುದ್ದಕ್ಕೆ ಎದ್ದಿತು. ಆಮೇಲೆ ಬಿದ್ದ ಒಂದು ರಾತ್ರಿಯ ಮಳೆಗೆ ಮಡಿಯೆಲ್ಲ ಚಾಪೆ ಹಾಸಿದಂತೆ ಮಲಗಿ, ಕೆಳಗಿನ ಸೊಪ್ಪು ಕೊಳೆತುಹೋಯಿತು. ಇಕ್ಕಟ್ಟಿನಿಂದ ಹುಟ್ಟಿದ ತೊಂದರೆಯನ್ನು ಗೊಬ್ಬರದಿಂದ ಸರಿಪಡಿಸಲಾಗದು, ಆದ್ದರಿಂದ ಗಿಡಗಳ ಅಂತರವನ್ನು ನಿಶ್ಚಯಿಸಿದ ಮೇಲೆಯೇ ಗೊಬ್ಬರದ ಪ್ರಮಾಣವನ್ನು ನಿಶ್ಚಯಿಸಬೇಕು ಎಂಬುದೇ ಈ ಮಾರ್ಗದರ್ಶಿಯ ಆಧಾರ.

ಮೊದಲ ಹೆಜ್ಜೆ: ಸೊಪ್ಪಿಗೋ, ಬೀಜಕ್ಕೋ ತೀರ್ಮಾನಿಸುವುದು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಂಪು ಮಣ್ಣಿನಲ್ಲಿ ಕೊಳವೆಬಾವಿ ನೀರು ಕೊಟ್ಟು ಬೆಂಗಳೂರಿನ ಮಾರುಕಟ್ಟೆಗಾಗಿ ಬೆಳೆಯುವ ಕೊತ್ತಂಬರಿಗೂ, ಧಾರವಾಡ, ಗದಗದ ಕಪ್ಪು ಎರೆಯಲ್ಲಿ ಹಿಂಗಾರಿನ ಹಸಿಯನ್ನೇ ನಂಬಿ ಬೆಳೆಯುವ ಕೊತ್ತಂಬರಿಗೂ ಹೆಸರು ಒಂದೇ, ಉದ್ದೇಶ ಬೇರೆ. ಸೊಪ್ಪಿನ ಬೆಳೆಯನ್ನು 35 ರಿಂದ 45 ದಿನಗಳೊಳಗೆ, ಗಿಡ ಹೂವಿಗೆ ಬರುವ ಮುನ್ನ ಬೇರುಸಹಿತ ಕಿತ್ತು ಕಟ್ಟು ಕಟ್ಟುತ್ತೇವೆ. ಇಲ್ಲಿ ಎಲೆಯೇ ಫಸಲು, ಹಾಗಾಗಿ ಗಿಡಗಳು ಸ್ವಲ್ಪ ಒತ್ತಾಗಿದ್ದರೂ ನಡೆಯುತ್ತದೆ. ಬೀಜದ ಬೆಳೆ ಹೊಲದಲ್ಲಿ 90 ರಿಂದ 110 ದಿನ ಇರಬೇಕು, ಕವಲೊಡೆಯಬೇಕು, ಕವಲಿನ ತುದಿಯಲ್ಲಿ ಕೊಡೆಯಾಕಾರದ ಹೂಗೊಂಚಲು ಬಿಡಬೇಕು, ಜೇನುನೊಣ ಬಂದು ಹೋಗಬೇಕು, ಕಾಯಿ ತುಂಬಬೇಕು. ಇವೆಲ್ಲಕ್ಕೂ ಗಾಳಿ ಬೆಳಕು ಬೇಕು. ಸೊಪ್ಪಿಗೆಂದು ಒತ್ತಾಗಿ ಬಿತ್ತಿ, ದರ ಬಿದ್ದಾಗ ಬೀಜಕ್ಕೆ ಬಿಟ್ಟುಬಿಡುವ ರೂಢಿ ಹಲವೆಡೆ ಇದೆ. ಅಂಥ ಮಡಿಯಲ್ಲಿ ಗಿಡಕ್ಕೆ ಒಂದೆರಡು ಗೊಂಚಲು ಬಿಡುವುದೇ ಹೆಚ್ಚು. ಬೀಜಕ್ಕೆ ಬಿಡುವುದೇ ಆದರೆ, ಆ ತೀರ್ಮಾನ ಮಾಡಿದ ದಿನವೇ ಮೂರರಲ್ಲಿ ಎರಡು ಗಿಡಗಳನ್ನು ಕಿತ್ತು ಮಾರಿಬಿಡುವುದು ಲೇಸು.

ಎರಡನೆಯ ಹೆಜ್ಜೆ: ಬೀಜವನ್ನು ಹೋಳು ಮಾಡಿ ಎಣಿಸುವುದು

ಅಂಗಡಿಯಿಂದ ತರುವ ದುಂಡನೆಯ ಕೊತ್ತಂಬರಿ ಬೀಜ, ಕೆಲವು ಕಡೆ ಹವೀಜ ಎನ್ನುವುದು, ವಾಸ್ತವದಲ್ಲಿ ಒಂದು ಬೀಜವಲ್ಲ. ಅದು ಎರಡು ಹೋಳುಗಳು ಅಂಟಿಕೊಂಡಿರುವ ಕಾಯಿ, ಪ್ರತಿ ಹೋಳಿನಲ್ಲೂ ಒಂದೊಂದು ಬೀಜವಿರುತ್ತದೆ. ಕಾಯಿಯನ್ನು ಇಡಿಯಾಗಿ ಬಿತ್ತಿದರೆ ಒಂದೇ ಜಾಗದಲ್ಲಿ ಎರಡು ಸಸಿಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಏಳುತ್ತವೆ, ಅಂದರೆ ಇಕ್ಕಟ್ಟು ಮೊಳಕೆಯಲ್ಲೇ ಶುರುವಾಗುತ್ತದೆ. ಆದ್ದರಿಂದ ಬೀಜವನ್ನು ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಹರಡಿ ಮರದ ಹಲಗೆಯಿಂದ ಹಗುರವಾಗಿ ಉಜ್ಜಿ ಎರಡು ಹೋಳಾಗಿಸಬೇಕು. ಕುಟ್ಟಬಾರದು, ಕುಟ್ಟಿದರೆ ಒಳಗಿನ ಮೊಳಕೆಯ ಕಣ್ಣು ಒಡೆಯುತ್ತದೆ. ನೀರಾವರಿ ಬೆಳೆಗಾದರೆ ಹೋಳುಗಳನ್ನು 12 ಗಂಟೆ ನೀರಿನಲ್ಲಿ ನೆನೆಸಿ, ತೇಲುವ ಜೊಳ್ಳನ್ನು ಬಸಿದು, ನೆರಳಲ್ಲಿ ಆರಿಸಿ, ಕಿಲೋಗೆ 4 ಗ್ರಾಂನಂತೆ ಟ್ರೈಕೋಡರ್ಮಾ (ಬೇರಿನ ರೋಗಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿ ಬಿತ್ತಬಹುದು.

ಈಗ ಲೆಕ್ಕ. ಸಾವಿರ ಕಾಯಿಗಳ ತೂಕ ತಳಿಗೆ ತಕ್ಕಂತೆ ಬದಲಾಗುತ್ತದೆ. 10 ಗ್ರಾಂ ಎಂದು ಹಿಡಿದರೆ ಒಂದು ಕಿಲೋದಲ್ಲಿ ಒಂದು ಲಕ್ಷ ಕಾಯಿ, ಅಂದರೆ ಎರಡು ಲಕ್ಷ ಹೋಳು. ನೂರರಲ್ಲಿ ಅರವತ್ತು ಮೊಳೆತರೂ ಕಿಲೋಗೆ 1,20,000 ಸಸಿ. ಬೀಜದ ಬೆಳೆಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಕೊಟ್ಟರೆ ಚದರ ಮೀಟರಿಗೆ 33 ಗಿಡ, ಎಕರೆಗೆ ಸುಮಾರು 1,34,000 ಗಿಡ ಸಾಕು. ಆದರೆ ನಾವು ನೀರಾವರಿಯಲ್ಲಿ ಎಕರೆಗೆ 4 ರಿಂದ 5 ಕಿಲೋ, ಮಳೆಯಾಶ್ರಿತದಲ್ಲಿ 8 ರಿಂದ 10 ಕಿಲೋ ಬಿತ್ತುತ್ತೇವೆ. ಮೊಳೆಯದೆ ಹೋಗುವುದು, ಇರುವೆ ಹೊತ್ತೊಯ್ಯುವುದು, ಹಸಿ ಆರಿ ಸಾಯುವುದು ಇವೆಲ್ಲವಕ್ಕೂ ಅಷ್ಟು ಬೀಜ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲವೂ ಚೆನ್ನಾಗಿ ಮೊಳೆತ ವರ್ಷ ನೀರಾವರಿಯಲ್ಲೇ ಬೇಕಾದದ್ದಕ್ಕಿಂತ ಸುಮಾರು ನಾಲ್ಕು ಪಟ್ಟು, ಮಳೆಯಾಶ್ರಿತದಲ್ಲಿ ಇನ್ನೂ ಹೆಚ್ಚು ಸಸಿಗಳು ಹೊಲದಲ್ಲಿ ನಿಂತಿರುತ್ತವೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ, ಮತ್ತು ಅವುಗಳನ್ನು ಕೀಳದೆ ಬಿಡುವುದೇ ಮುಂದಿನ ಎಲ್ಲ ತಾಪತ್ರಯಗಳ ಮೂಲವಾಗುತ್ತದೆ.

ಮೂರನೆಯ ಹೆಜ್ಜೆ: ಸಾಲು ಹಿಡಿದು ಬಿತ್ತುವುದು

ಬೀಜ ಚೆಲ್ಲುವುದು ಸುಲಭ, ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಆದರೆ ಚೆಲ್ಲಿದ ಮಡಿಯಲ್ಲಿ ಒಂದೆಡೆ ದಟ್ಟ, ಒಂದೆಡೆ ಬೋಳು ಆಗುವುದು ತಪ್ಪುವುದಿಲ್ಲ; ಅಲ್ಲಿ ಕಳೆ ತೆಗೆಯುವಾಗ ಕಾಲಿಡಲು ಜಾಗವಿಲ್ಲ, ಮೇಲುಗೊಬ್ಬರವನ್ನು, ಅಂದರೆ ಬೆಳೆ ನಿಂತ ಮೇಲೆ ಕೊಡುವ ಗೊಬ್ಬರವನ್ನು, ಎಲೆಯ ಮೇಲೆಯೇ ಎರಚಬೇಕಾಗುತ್ತದೆ. ಸೊಪ್ಪಿನ ಬೆಳೆಗೆ ಸಾಲಿನಿಂದ ಸಾಲಿಗೆ 15 ರಿಂದ 20 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 3 ರಿಂದ 5 ಸೆಂ.ಮೀ. ಅಂತರವಿರಲಿ. ಬೀಜದ ಬೆಳೆಗೆ ಸಾಲಿನ ಅಂತರ ಒಂದು ಅಡಿ, ಗಿಡದ ಅಂತರ 10 ರಿಂದ 15 ಸೆಂ.ಮೀ. ಇರಲಿ. ಎರೆ ಹೊಲದಲ್ಲಿ ಕೂರಿಗೆಯಿಂದ ಬಿತ್ತುವವರಿಗೆ ಸಾಲಿನ ಅಂತರ ತಾನಾಗಿಯೇ ಸಿಗುತ್ತದೆ, ಆಮೇಲೆ ಸಾಲುಗಳ ನಡುವಿನ ಕಳೆ ತೆಗೆಯಲು ಎಡೆಕುಂಟೆ ಹೊಡೆಯಲೂ ಆಗುತ್ತದೆ. ಬೀಜ ಬೀಳುವ ಆಳ 2 ರಿಂದ 3 ಸೆಂ.ಮೀ. ಮೀರದಿರಲಿ.

ಒಂದು ಬಾರಿ ಕಿತ್ತು ಮುಗಿಸದೆ ಮತ್ತೆ ಮತ್ತೆ ಕೊಯ್ಯುವ ತಳಿಗಳ ವಿಚಾರ ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಅಂಥದ್ದು. ಕೊಯ್ದ ಮೇಲೆ ಮತ್ತೆ ಚಿಗುರಬೇಕಾದರೆ ಗಿಡದ ಬುಡ ದಪ್ಪವಾಗಿರಬೇಕು, ಬುಡ ದಪ್ಪವಾಗಬೇಕಾದರೆ ಜಾಗ ಬೇಕು. ಹಾಗಾಗಿ ಇಂಥ ತಳಿಗೆ ಸಾಲಿನೊಳಗೂ 8 ರಿಂದ 10 ಸೆಂ.ಮೀ. ಬಿಡುವುದು ಒಳ್ಳೆಯದು. ಮೊದಲ ಕೊಯ್ಲಿನ ತೂಕ ಸ್ವಲ್ಪ ಕಡಿಮೆ ಬಂದರೂ ಎರಡನೆಯದು, ಮೂರನೆಯದು ಅದನ್ನು ತುಂಬಿಕೊಡುತ್ತವೆ.

ಬೀಜದ ಬೆಳೆಯಲ್ಲಿ ಅಂತರ ಹೆಚ್ಚಿದಷ್ಟೂ ಇಳುವರಿ ಹೆಚ್ಚುತ್ತದೆ ಎಂದು ಭಾವಿಸುವುದೂ ಸರಿಯಲ್ಲ. ಕೊತ್ತಂಬರಿಯಲ್ಲಿ ಮುಖ್ಯ ಕಾಂಡದ ಗೊಂಚಲು ಮೊದಲು ಹೂ ಬಿಟ್ಟು ಮೊದಲು ಮಾಗುತ್ತದೆ, ಕವಲುಗಳ ಗೊಂಚಲುಗಳು ಒಂದರ ಹಿಂದೊಂದು ಬರುತ್ತವೆ. ತೀರಾ ಅಗಲವಾಗಿ ಬಿಟ್ಟರೆ ಗಿಡಕ್ಕೆ ಕವಲುಗಳು ಹೆಚ್ಚಿ, ಒಂದೇ ಗಿಡದಲ್ಲಿ ಮೇಲಿನ ಕಾಯಿ ಒಣಗಿ ಉದುರುತ್ತಿರುವಾಗ ಪಕ್ಕದ ಕವಲಿನಲ್ಲಿ ಹೂವು ಇನ್ನೂ ಬಿಳಿಯಾಗಿರುತ್ತದೆ. ಕೊಯ್ಲಿಗೆ ದಿನ ಗೊತ್ತುಮಾಡುವುದೇ ಕಷ್ಟವಾಗುತ್ತದೆ. ಒತ್ತಾದರೆ ಗಿಡಕ್ಕೆ ಗೊಂಚಲು ಕಡಿಮೆ, ಆದರೆ ಮಾಗುವುದು ಒಟ್ಟಿಗೆ. ಒಂದು ಅಡಿ ಸಾಲಿನಲ್ಲಿ ಮೂರು ಗಿಡ ಎಂಬ ಮಧ್ಯದ ದಾರಿ ಕರ್ನಾಟಕದ ಹಿಂಗಾರಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ಹೆಚ್ಚುವರಿ ಸಸಿ ಕೀಳುವುದು

ಇಡೀ ಬೆಳೆಯಲ್ಲಿ ಅತಿ ಹೆಚ್ಚು ಫಲ ಕೊಡುವ, ಅತಿ ಕಡಿಮೆ ಜನ ಮಾಡುವ ಕೆಲಸ ಇದು. ಬಿತ್ತಿದ 15 ರಿಂದ 20 ದಿನದೊಳಗೆ, ಸಸಿಗೆ ಎರಡು ಮೂರು ನಿಜವಾದ ಎಲೆ ಬಂದಾಗ, ಹಿಂದಿನ ಸಂಜೆ ನೀರು ಹಾಯಿಸಿ ಮರುದಿನ ಬೆಳಿಗ್ಗೆ ಕೀಳಬೇಕು. ಒಂದು ಅಡಿ ಉದ್ದದ ಕಡ್ಡಿಯನ್ನು ಸಾಲಿನ ಪಕ್ಕ ಇಟ್ಟು ಎಣಿಸಿದರೆ ಸಾಕು: ಸೊಪ್ಪಿನ ಬೆಳೆಗೆ ಅಡಿಗೆ ಏಳೆಂಟು ಗಿಡ, ಬೀಜದ ಬೆಳೆಗೆ ಮೂರು. ಉಳಿದವು ಹೊರಕ್ಕೆ. ಮನಸ್ಸು ಒಪ್ಪುವುದಿಲ್ಲ, ನಿಜ. ಹಸಿರಾಗಿ ನಿಂತ ಸಸಿಯನ್ನು ಕೀಳುವಾಗ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆ ಹೋಗಬೇಕಾದರೆ ಒಮ್ಮೆ ದಟ್ಟವಾದ ಜಾಗದಿಂದ ಒಂದು ಗಿಡ, ಅಂಚಿನಿಂದ ಒಂದು ಗಿಡ ಕಿತ್ತು, ಬೇರನ್ನು ನೀರಿನಲ್ಲಿ ತೊಳೆದು ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಅಂಚಿನ ಗಿಡದ ತಾಯಿಬೇರು ನೇರವಾಗಿ ಇಳಿದು, ಅಕ್ಕಪಕ್ಕ ಬಿಳಿ ಎಳೆಬೇರುಗಳು ತುಂಬಿರುತ್ತವೆ. ದಟ್ಟದ ಗಿಡದ ಬೇರು ದಾರದಂತೆ ಸಣ್ಣಗಿರುತ್ತದೆ, ಎಲೆಯ ತೊಟ್ಟು ಮಾತ್ರ ಉದ್ದ, ಎಲೆ ಚಿಕ್ಕದು.

ಹೀಗಾಗಲು ಕಾರಣ ಬರೀ ಆಹಾರದ ಕೊರತೆಯಲ್ಲ. ಪಕ್ಕದ ಎಲೆಗಳನ್ನು ದಾಟಿ ಬರುವ ಬೆಳಕಿನಲ್ಲಿ ಕೆಂಪು ಭಾಗ ಹೀರಲ್ಪಟ್ಟು ಅತಿಕೆಂಪು ಭಾಗ ಹೆಚ್ಚಾಗಿ ಉಳಿದಿರುತ್ತದೆ. ಗಿಡ ಈ ಬದಲಾವಣೆಯಿಂದಲೇ ನೆರೆಯಲ್ಲಿ ಬೇರೆ ಗಿಡವಿದೆಯೆಂದು ಅರಿತು, ಎಲೆ ಬೇರುಗಳಿಗೆ ಹೋಗಬೇಕಾದ ಸತ್ವವನ್ನು ಕಾಂಡ ತೊಟ್ಟುಗಳನ್ನು ಉದ್ದ ಮಾಡಲು ಬಳಸಿಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಸಾರಜನಕ ಕೊಟ್ಟರೆ ಎಲೆಗಳು ಇನ್ನೂ ಹರಡಿ, ನೆರಳು ಇನ್ನೂ ದಟ್ಟವಾಗಿ, ಪೈಪೋಟಿ ಮತ್ತಷ್ಟು ಏರುತ್ತದೆ.

ಕಿತ್ತ ಸಸಿಗಳನ್ನು ಎಸೆಯಬೇಕಾಗಿಲ್ಲ. ಎಳೆ ಸೊಪ್ಪಿಗೆ ಮನೆಯ ಅಡುಗೆಯಲ್ಲೂ ಸಂತೆಯಲ್ಲೂ ಬೇಡಿಕೆ ಇದ್ದೇ ಇದೆ.

ಐದನೆಯ ಹೆಜ್ಜೆ: ತಳಗೊಬ್ಬರ

ಬಿತ್ತನೆಗೆ ಎರಡು ಮೂರು ವಾರ ಮೊದಲೇ ಎಕರೆಗೆ 4 ಟನ್, ಅಂದರೆ ಗುಂಟೆಗೆ 100 ಕಿಲೋ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸಬೇಕು. ಕಳಿತದ್ದು ಎಂಬ ಮಾತಿಗೆ ಒತ್ತು ಕೊಡುತ್ತೇನೆ: ಹಸಿ ಗೊಬ್ಬರದ ಜೊತೆ ಕಳೆಬೀಜವೂ ಗೊಣ್ಣೆಹುಳುವೂ ಮಡಿಗೆ ಬರುತ್ತವೆ, ಹಸಿ ಕೋಳಿಗೊಬ್ಬರವಂತೂ ಮೊಳಕೆಯನ್ನೇ ಸುಡುತ್ತದೆ. ಸೊಪ್ಪನ್ನು ಹಸಿಯಾಗಿಯೇ ತಿನ್ನುವುದರಿಂದ ಸಗಣಿ ನೀರನ್ನು ಬೆಳೆದು ನಿಂತ ಎಲೆಗಳ ಮೇಲೆ ಎರಚುವುದು ಆರೋಗ್ಯದ ದೃಷ್ಟಿಯಿಂದಲೂ ತಪ್ಪು.

ರಾಸಾಯನಿಕ ಗೊಬ್ಬರದ ಪ್ರಮಾಣ ಮಣ್ಣು ಪರೀಕ್ಷೆಯ ಮೇಲೆ ನಿಲ್ಲಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಆರೋಗ್ಯ ಚೀಟಿ ಪಡೆಯುವುದು ಮೊದಲ ಕೆಲಸ. ಚೀಟಿ ಇಲ್ಲದವರು ಲೆಕ್ಕಕ್ಕೆ ಹಿಡಿಯಬಹುದಾದ ಮಿತಿ ಇದು: ಮಳೆಯಾಶ್ರಿತ ಬೀಜದ ಬೆಳೆಗೆ ಎಕರೆಗೆ ಸುಮಾರು 8 ಕಿಲೋ ಸಾರಜನಕ, 12 ರಿಂದ 16 ಕಿಲೋ ರಂಜಕ, 8 ಕಿಲೋ ಪೊಟ್ಯಾಷ್, ನೀರಾವರಿಯಲ್ಲಿ ರಂಜಕ ಮತ್ತು ಪೊಟ್ಯಾಷ್ ಅಷ್ಟೇ ಇದ್ದು ಸಾರಜನಕ 16 ರಿಂದ 24 ಕಿಲೋವರೆಗೆ ಹೋಗಬಹುದು. ಚೀಲದ ಲೆಕ್ಕಕ್ಕೆ ಇಳಿಸಿದರೆ, ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) 30 ಕಿಲೋದಲ್ಲಿ 5.4 ಕಿಲೋ ಸಾರಜನಕ ಮತ್ತು 13.8 ಕಿಲೋ ರಂಜಕ ಸಿಗುತ್ತದೆ, ಯೂರಿಯಾ 6 ಕಿಲೋ ಸೇರಿಸಿದರೆ ಸಾರಜನಕ 8 ಕಿಲೋ ತಲುಪುತ್ತದೆ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 13.5 ಕಿಲೋ ಸಾಕು. ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಬಳಸುವವರಿಗೆ ಅದೇ ರಂಜಕಕ್ಕೆ 86 ಕಿಲೋ ಬೇಕು, ಆಗ ಸಾರಜನಕವೆಲ್ಲ ಯೂರಿಯಾದಿಂದಲೇ, ಅಂದರೆ 17.5 ಕಿಲೋದಿಂದ ಬರಬೇಕು. ಹೊರೆ ಹೆಚ್ಚಾದರೂ ನಾನು ಸೂಪರ್ ಫಾಸ್ಫೇಟನ್ನೇ ಆರಿಸುತ್ತೇನೆ, ಏಕೆಂದರೆ ಅದರಲ್ಲಿ ನೂರಕ್ಕೆ 11 ಭಾಗ ಗಂಧಕವಿದೆ.

ರಂಜಕ ಮಣ್ಣಿನಲ್ಲಿ ಬಿದ್ದಲ್ಲೇ ಕಟ್ಟಿಕೊಳ್ಳುವ ಗುಣದ್ದಾದ್ದರಿಂದ ಅದನ್ನು ಮೇಲೆ ಎರಚಿದರೆ ಬೇರಿಗೆ ತಲುಪುವುದಿಲ್ಲ. ಬಿತ್ತುವಾಗಲೇ ಬೀಜದ ಸಾಲಿನ ಪಕ್ಕಕ್ಕೆ ಮೂರು ನಾಲ್ಕು ಬೆರಳು ಸರಿದು, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ಕೊಡಬೇಕು. ಬೀಜಕ್ಕೆ ತಾಗುವಂತೆ ಡಿಎಪಿ ಹಾಕಿದರೆ ಮೊಳಕೆ ಕಪ್ಪಾಗುತ್ತದೆ. ಸಾಲು ಬಿತ್ತನೆಯ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ: ಚೆಲ್ಲಿದ ಬೆಳೆಯಲ್ಲಿ ಗೊಬ್ಬರವನ್ನು ಇಡೀ ನೆಲಕ್ಕೆ ಹಂಚಿ ಕಳೆಗೂ ಉಣಿಸಬೇಕು, ಸಾಲಿನಲ್ಲಿ ಬೇರಿನ ಬಳಿಗೇ ಕೊಡಬಹುದು.

ಆರನೆಯ ಹೆಜ್ಜೆ: ಮೇಲುಗೊಬ್ಬರ

ಮಳೆಯಾಶ್ರಿತ ಬೆಳೆಗೆ ಮೇಲುಗೊಬ್ಬರದ ಯೋಚನೆ ಬೇಡ. ನೀರು ಒಳಗಿಳಿಸದೆ ಮಣ್ಣಿನ ಮೇಲೆಯೇ ಉಳಿದ ಯೂರಿಯಾದ ಒಂದು ಪಾಲು ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ.

ನೀರಾವರಿ ಬೀಜದ ಬೆಳೆಯಲ್ಲಿ ಒಟ್ಟು ಸಾರಜನಕದ ಅರ್ಧವನ್ನು ಬಿತ್ತುವಾಗ, ಉಳಿದದ್ದನ್ನು 30ನೆಯ ದಿನ ಮತ್ತು ಹೂಮೊಗ್ಗು ಕಾಣುವ ಮುನ್ನ ಎಂದು ಎರಡು ಕಂತುಗಳಲ್ಲಿ ಕೊಡಬೇಕು. ಹೂ ಬಿಟ್ಟ ಮೇಲೆ ಕೊಡುವ ಸಾರಜನಕ ಹೊಸ ಕವಲುಗಳನ್ನು ಎಬ್ಬಿಸಿ ಮಾಗುವುದನ್ನು ತಡಮಾಡುತ್ತದೆ. ಸೊಪ್ಪಿನ ಬೆಳೆಗೆ ಒಂದೇ ಮೇಲುಗೊಬ್ಬರ ಸಾಕು: ಸಸಿ ಕಿತ್ತು ಮುಗಿದ ಮೇಲೆ, 20 ರಿಂದ 25 ದಿನಗಳ ನಡುವೆ, ಎಕರೆಗೆ 8 ಕಿಲೋ ಸಾರಜನಕ, ಅಂದರೆ ಗುಂಟೆಗೆ 430 ಗ್ರಾಂ ಯೂರಿಯಾ. ಇಷ್ಟು ಕಡಿಮೆ ಗೊಬ್ಬರವನ್ನು ಗುಂಟೆಯಿಡೀ ಸಮನಾಗಿ ಹಂಚುವುದು ಬರೀ ಕೈಯಲ್ಲಿ ಅಸಾಧ್ಯ. ನಾಲ್ಕೈದು ಕಿಲೋ ಒಣ ಮರಳು ಅಥವಾ ಪುಡಿ ಗೊಬ್ಬರದ ಜೊತೆ ಬೆರೆಸಿ, ಇಬ್ಬನಿ ಪೂರ್ತಿ ಆರಿದ ಮೇಲೆ ಸಾಲುಗಳ ನಡುವೆ ಉದುರಿಸಿ ಕೂಡಲೇ ನೀರು ಕೊಡಬೇಕು. ಇಬ್ಬನಿಯಿರುವಾಗ ಹಾಕಿದರೆ ಹರಳು ಎಲೆಯ ಕವಲಿನಲ್ಲಿ ಅಂಟಿ, ಮರುದಿನ ಅಲ್ಲಲ್ಲಿ ಸುಟ್ಟ ಕಲೆ ಮೂಡುತ್ತದೆ, ಆ ಸೊಪ್ಪಿಗೆ ಸಂತೆಯಲ್ಲಿ ಬೆಲೆಯಿಲ್ಲ. ಮತ್ತೆ ಮತ್ತೆ ಕೊಯ್ಯುವ ತಳಿಗೆ ಪ್ರತಿ ಕೊಯ್ಲಿನ ಮೂರು ನಾಲ್ಕು ದಿನದ ನಂತರ ಗುಂಟೆಗೆ 200 ರಿಂದ 250 ಗ್ರಾಂ ಯೂರಿಯಾ ಸಾಕಾಗುತ್ತದೆ.

ಇದಕ್ಕಿಂತ ಹೆಚ್ಚು ಕೊಟ್ಟರೆ ಸೊಪ್ಪಿನ ತೂಕ ಮೊದಮೊದಲು ಏರುವುದು ನಿಜ, ಆದರೆ ಆ ತೂಕದಲ್ಲಿ ನೀರಿನ ಪಾಲೇ ದೊಡ್ಡದು. ಕಾಂಡ ಎಳಸಾಗಿ ಕಟ್ಟು ಕಟ್ಟುವಾಗಲೇ ಮುರಿಯುತ್ತದೆ, ಸೊಪ್ಪು ಬೇಗ ಬಾಡುತ್ತದೆ, ಎಲೆಯಲ್ಲಿ ನೈಟ್ರೇಟ್ ಶೇಖರವಾಗುತ್ತದೆ. ಕೊಯ್ಲಿಗೆ ಹತ್ತು ದಿನ ಇರುವಾಗ ಯೂರಿಯಾ ಕೊಡುವುದನ್ನು ಪೂರ್ತಿ ನಿಲ್ಲಿಸುವುದು ತಿನ್ನುವವರ ದೃಷ್ಟಿಯಿಂದ ಸರಿಯಾದ ನಡೆ.

ಏಳನೆಯ ಹೆಜ್ಜೆ: ಹಳದಿ ಎಲೆ ಏನು ಹೇಳುತ್ತಿದೆಯೆಂದು ತಿಳಿಯುವುದು

ಬುಡದ ಹಳೆಯ ಎಲೆ ಹಳದಿಯಾಗುವುದು ಸಾರಜನಕದ ಕೊರತೆಯಿಂದಲೂ ಆಗುತ್ತದೆ, ನೆರಳಿನಿಂದಲೂ ಆಗುತ್ತದೆ. ಮೊದಲು ಅಂಚಿನ ಗಿಡಗಳನ್ನು ನೋಡಬೇಕು. ಅಂಚಿನವೂ ನಡುವಿನವೂ ಒಂದೇ ಸಮನೆ ಬಿಳಿಚಿದ್ದರೆ ಮಣ್ಣಿನಲ್ಲಿ ಸಾರಜನಕ ಸಾಲದು. ಅಂಚು ಹಸಿರಾಗಿದ್ದು ನಡು ಮಾತ್ರ ಹಳದಿಯಾಗಿದ್ದರೆ ಇಕ್ಕಟ್ಟು. ಅಂಚಿನ ಗಿಡಕ್ಕೆ ಬದುವಿನ ಕಡೆಯಿಂದಲೂ ಆಹಾರ ಸಿಗುವುದರಿಂದ ಈ ಪರೀಕ್ಷೆ ಪೂರ್ತಿ ಖಚಿತವಲ್ಲ. ಹಾಗಾಗಿ ನಡುವಿನಲ್ಲಿ ಒಂದಡಿ ಸಾಲನ್ನು ತೆಳು ಮಾಡಿ, ಸ್ವಲ್ಪ ದೂರದ ಇನ್ನೊಂದಡಿ ಸಾಲಿಗೆ ಗಿಡ ಕೀಳದೆ ಚಿಟಿಕೆ ಯೂರಿಯಾ ಕೊಟ್ಟು, ಎರಡಕ್ಕೂ ನೀರು ಹಾಕಿ ಒಂದು ವಾರ ಕಾಯುವುದು ಒಳ್ಳೆಯದು. ಯಾವ ಅಡಿಯಲ್ಲಿ ಬುಡ ದಪ್ಪವಾಗಿ ಹೊಸ ಎಲೆ ಅಗಲವಾಗಿ ಬರುತ್ತದೆಯೋ ಅದೇ ಮಡಿಗೆ ಬೇಕಾದ ಮದ್ದು. ಬರೀ ಬಣ್ಣವನ್ನು ನೋಡಿ ತೀರ್ಮಾನಿಸಬಾರದು, ಯೂರಿಯಾ ಕೊಟ್ಟರೆ ಬಣ್ಣವಂತೂ ಬಂದೇ ಬರುತ್ತದೆ.

ಹಳದಿ ಬಣ್ಣ ಹೊಸ ಎಲೆಯಲ್ಲಿ ಕಂಡು, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬೇರೆಯೇ ವಿಚಾರ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ಕಬ್ಬಿಣ ಗಿಡಕ್ಕೆ ದಕ್ಕದೆ ಹೀಗಾಗುತ್ತದೆ; ಯೂರಿಯಾ ಅದಕ್ಕೆ ಉತ್ತರವಲ್ಲ.

ಅಂತರ, ಗೊಬ್ಬರ ಮತ್ತು ರೋಗ

ಒತ್ತಾದ ಗಿಡ, ಹೆಚ್ಚಾದ ಸಾರಜನಕ ಎರಡೂ ಒಟ್ಟಿಗೆ ಸೇರಿದ ಹೊಲಕ್ಕೆ ಬೂದಿರೋಗವೂ ರಸ ಹೀರುವ ಸಸ್ಯಹೇನೂ ಮೊದಲು ಬರುತ್ತವೆ. ಗಾಳಿಯಾಡದ ಎಲೆಗಳ ನಡುವೆ ತೇವ ನಿಲ್ಲುತ್ತದೆ, ಸಾರಜನಕ ತುಂಬಿದ ಎಳೆ ಚಿಗುರು ಹೇನಿಗೆ ಹೀರಲು ಸುಲಭ. ಹೂ ಬಿಡುವ ಕಾಲದಲ್ಲಿ ಹೇನು ಬಂದರೆ ಸಂಕಟ ಇಮ್ಮಡಿ, ಔಷಧ ಹೊಡೆದರೆ ಜೇನುನೊಣ ಸಾಯುತ್ತದೆ, ಹೊಡೆಯದಿದ್ದರೆ ಗೊಂಚಲು ಮುರುಟುತ್ತದೆ. ಮೊದಲೇ ಅಂತರ ಕೊಟ್ಟವರಿಗೆ ಈ ಸಂಕಟ ಕಡಿಮೆ.

ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ಬರುವುದನ್ನು ಗೊಬ್ಬರದಿಂದ ತಡೆಯಲು ಹೊರಡುವವರೂ ಇದ್ದಾರೆ. ದೀರ್ಘ ಹಗಲು ಮತ್ತು ಸೆಕೆ ಗಿಡವನ್ನು ಹೂವಿನ ಕಡೆ ತಳ್ಳುತ್ತವೆ. ನೆರಳು ಪರದೆ ಕಟ್ಟುವುದು, ತಡವಾಗಿ ಹೂ ಬಿಡುವ ತಳಿ ಆರಿಸುವುದು, ನೀರನ್ನು ತಪ್ಪಿಸದಿರುವುದು, ಇವಷ್ಟೇ ಅದಕ್ಕೆ ದಾರಿ.

ಸ್ವಂತ ಹೊಲದಲ್ಲಿ ಪರೀಕ್ಷೆ

ಮೇಲಿನ ಅಂಕಿಗಳು ಆರಂಭಕ್ಕೆ ಮಾತ್ರ. ನಿಮ್ಮ ಮಣ್ಣಿಗೆ ಹೊಂದುವ ಅಂಕಿ ನಿಮ್ಮ ಮಡಿಯಲ್ಲೇ ಸಿಗಬೇಕು. ನಾಲ್ಕಡಿ ಅಗಲ, ಹತ್ತಡಿ ಉದ್ದದ 12 ಮಡಿಗಳನ್ನು ಮಾಡಿಕೊಳ್ಳಿ, ಅರ್ಧ ಗುಂಟೆಗಿಂತ ಕಡಿಮೆ ಜಾಗ ಸಾಕು. ಎಲ್ಲಕ್ಕೂ ಒಂದೇ ಬೀಜ, ಒಂದೇ ತಳಗೊಬ್ಬರ, ಒಂದೇ ದಿನ ಬಿತ್ತನೆ. ಆರು ಮಡಿಗಳಲ್ಲಿ ಸಸಿ ಕಿತ್ತು ಅಡಿಗೆ ಏಳೆಂಟು ಉಳಿಸಿ, ಆರರಲ್ಲಿ ಕೀಳದೆ ಬಿಡಿ. ಪ್ರತಿ ಗುಂಪಿನಲ್ಲೂ ಮೂರು ಮಡಿಗೆ ಮಾತ್ರ ಮಡಿಯೊಂದಕ್ಕೆ 16 ಗ್ರಾಂನಂತೆ ಯೂರಿಯಾ ಕೊಡಿ. ಯಾವ ಮಡಿ ಯಾವುದಕ್ಕೆಂದು ಚೀಟಿ ಎತ್ತಿ ಗೊತ್ತುಮಾಡಿ, ಇಲ್ಲದಿದ್ದರೆ ನೀರು ಚೆನ್ನಾಗಿ ನಿಲ್ಲುವ ಮಡಿಗಳೆಲ್ಲ ಒಂದೇ ಗುಂಪಿಗೆ ಹೋಗಿಬಿಡಬಹುದು.

ಕೊಯ್ಲಿನ ದಿನ ಪ್ರತಿ ಮಡಿಯ ಸುತ್ತಲಿನ ಅಂಚಿನ ಗಿಡಗಳನ್ನು ಬಿಟ್ಟು ಒಳಗಿನ ಸೊಪ್ಪನ್ನು ಮಾತ್ರ ತೂಗಿ ಬರೆದಿಡಿ. ಹಳದಿ ಎಲೆ ಆರಿಸಿ ತೆಗೆದ ಮೇಲೆ ಇನ್ನೊಮ್ಮೆ ತೂಗಿ. ಕೀಳದ ಮಡಿಗಳಲ್ಲಿ ಈ ಎರಡು ತೂಕಗಳ ನಡುವಿನ ವ್ಯತ್ಯಾಸ ಎಷ್ಟೆಂಬುದನ್ನು ಗಮನಿಸಿ. ಪ್ರತಿ ಬಗೆಯಿಂದ ಒಂದೊಂದು ಕಟ್ಟನ್ನು ಗುರುತು ಹಾಕಿ ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಬಿಚ್ಚಿ ನೋಡಿ, ತೂಕದ ಪಕ್ಕದಲ್ಲಿ ಅದರ ಸ್ಥಿತಿಯನ್ನೂ ಬರೆಯಿರಿ. ಚಳಿಗಾಲದಲ್ಲಿ ಒಮ್ಮೆ ಮಾಡಿದ ಈ ಪರೀಕ್ಷೆಯನ್ನು ಮಾರ್ಚ್ ತಿಂಗಳ ಬಿತ್ತನೆಯಲ್ಲಿ ಮತ್ತೊಮ್ಮೆ ಮಾಡಬೇಕು. ಸೆಕೆಯಲ್ಲಿ ಗಿಡ ಚಿಕ್ಕದಾಗಿಯೇ ಹೂವಿಗೆ ಹೊರಡುವುದರಿಂದ ಅಡಿಗೆ ಒಂದೆರಡು ಗಿಡ ಹೆಚ್ಚು ಬಿಡಬಹುದೇ ಎಂಬುದನ್ನು ಆ ತೂಕಗಳೇ ತಿಳಿಸುತ್ತವೆ.